ಅದೇ ನೀರು, ಎರಡು ದಾಟು

1142ರ ಸೆಪ್ಟೆಂಬರ್ ಕೊನೆ. ಆಕ್ಸ್‌ಫರ್ಡಿನ ಹೊಳೆಯಲ್ಲಿ ಕತ್ತಿನಮಟ್ಟ ನೀರಿಗಿಳಿದು ಇಂಗ್ಲೆಂಡಿನ ರಾಜ ಸ್ಟೀಫನ್ ಆಚೆ ದಡ ಸೇರಿದ. ಎದುರು ನಿಂತವರನ್ನು ಊರೊಳಕ್ಕೆ ಅಟ್ಟಿ, ಅವರ ಬೆನ್ನಿಗೇ ತಾನೂ ನುಗ್ಗಿ, ಊರಿಗೆ ಬೆಂಕಿ ಇಡಿಸಿದ. ಕೋಟೆಯೊಂದು ಮಾತ್ರ ಕೈಗೆ ಸಿಗಲಿಲ್ಲ. ಒಳಗೆ ಅವನ ದಾಯಾದಿ ಮಟಿಲ್ಡಾ ಇದ್ದಳು. ಸುಮಾರು ಮೂರು ತಿಂಗಳ ಮುತ್ತಿಗೆ. ಕ್ರಿಸ್‌ಮಸ್ ಹತ್ತಿರವಾಗುವಾಗ ಒಳಗೆ ಕಾಳು ಮುಗಿದಿತ್ತು, ಹೊರಗೆ ಹೊಳೆ ಹೆಪ್ಪುಗಟ್ಟಿತ್ತು. ಒಂದು ರಾತ್ರಿ ಮಟಿಲ್ಡಾ ಬಟ್ಟೆಯ ಅಂಚೂ ಒದ್ದೆಯಾಗದಂತೆ ಅದೇ ನೀರಿನ ಮೇಲೆ ನಡೆದು ಪಾರಾದಳು.

ಈ ಎರಡು ದಾಟುಗಳನ್ನು ಎದುರುಬದುರು ಇಟ್ಟವನು ‘ಗೆಸ್ಟಾ ಸ್ಟೆಫಾನಿ’ ಎಂಬ ಲ್ಯಾಟಿನ್ ವೃತ್ತಾಂತದ ಅನಾಮಧೇಯ ಕರ್ತೃ. ಆಕ್ಸ್‌ಫರ್ಡ್ ಮುತ್ತಿಗೆ ಇಂದಿಗೂ ನೆನಪಿನಲ್ಲಿ ಉಳಿದಿದ್ದರೆ ಅದರಲ್ಲಿ ಇಂಥ ಬರಹಗಾರರ ಪಾಲು ದೊಡ್ಡದು. ಹಾಗಾಗಿ ಮುತ್ತಿಗೆಯ ಜೊತೆಗೆ ಅದನ್ನು ಬರೆದವರನ್ನೂ ತೂಗಿ ನೋಡಬೇಕು.

ಜಗಳದ ಮೂಲ ಪಟ್ಟ. ಮೊದಲನೆಯ ಹೆನ್ರಿಯ ಏಕೈಕ ಔರಸ ಪುತ್ರ 1120ರಲ್ಲಿ ಹಡಗು ಮುಳುಗಿ ಸತ್ತ. ಮಗಳು ಮಟಿಲ್ಡಾಳೇ ಉತ್ತರಾಧಿಕಾರಿ ಎಂದು 1127ರಲ್ಲಿ ದೊರೆ ತನ್ನ ಸರದಾರರಿಂದ ಆಣೆ ಹಾಕಿಸಿಕೊಂಡ. ಆಣೆ ಹಾಕಿದವರಲ್ಲಿ ಅವನ ಸೋದರಿಯ ಮಗ ಸ್ಟೀಫನ್ನೂ ಒಬ್ಬ. 1135ರ ಡಿಸೆಂಬರಿನಲ್ಲಿ ಹೆನ್ರಿ ತೀರಿಕೊಂಡ. ಆ ತಿಂಗಳು ಮುಗಿಯುವುದರೊಳಗೆ ಕಿರೀಟ ಸ್ಟೀಫನ್ನನ ತಲೆಯ ಮೇಲಿತ್ತು. 1141ರಲ್ಲಿ ಅವನೇ ಸೆರೆಸಿಕ್ಕ. ಮಟಿಲ್ಡಾ ಪಟ್ಟಾಭಿಷೇಕಕ್ಕೆಂದು ಲಂಡನ್ನಿಗೆ ಬಂದರೆ ಊರವರೇ ದಂಗೆಯೆದ್ದು ಅಟ್ಟಿದರು. ಮರುವರ್ಷ ಅವಳ ಬಲಗೈಯಾದ ಮಲಸಹೋದರ ರಾಬರ್ಟ್ ನೆರವು ಕೇಳಲು ನಾರ್ಮಂಡಿಗೆ ಹೋಗಿದ್ದ. ಅಷ್ಟರಲ್ಲಿ ಸೆರೆಯಿಂದ ಹೊರಬಂದಿದ್ದ ಸ್ಟೀಫನ್ ಆ ಸಂದು ನೋಡಿಯೇ ಆಕ್ಸ್‌ಫರ್ಡಿಗೆ ಬಂದದ್ದು.

‘ಗೆಸ್ಟಾ’ಕಾರ ಈ ಭಾಗದಲ್ಲಿ ಸ್ಟೀಫನ್ನನ ಕಡೆಯವನು. ಮೊದಲ ಗಂಡ ಚಕ್ರವರ್ತಿಯಾಗಿದ್ದರೂ ಮಟಿಲ್ಡಾಳನ್ನು ‘ಸಾಮ್ರಾಜ್ಞಿ’ ಎನ್ನಲು ಅವನ ಲೇಖನಿಗೆ ಮನಸ್ಸಿಲ್ಲ. ‘ಆಂಜೂವಿನ ಕೌಂಟೆಸ್’ ಎಂದು ಎರಡನೆಯ ಗಂಡನ ಮನೆಯ ಲೆಕ್ಕದಲ್ಲೇ ಕರೆಯುತ್ತಾನೆ. ಅಧಿಕಾರ ಸಿಕ್ಕಾಗ ಅವಳ ನಡಿಗೆಯಲ್ಲಿ ಹೆಣ್ಣಿನ ವಿನಯ ಇರಲಿಲ್ಲವೆಂದು ಗೊಣಗಿದವನೂ ಇವನೇ. ಅಂಥವನು ಆಕ್ಸ್‌ಫರ್ಡಿನ ರಾತ್ರಿಗೆ ಬಂದಾಗ, ಸುತ್ತ ಕಾವಲು, ಕಹಳೆ, ಕೂಗಾಟ ಇದ್ದರೂ ಅವಳು ಹಿಮದಲ್ಲಿ ನಡೆದುಹೋದದ್ದನ್ನು ಕಂಡು ಬೆರಗಾಗುತ್ತಾನೆ. ಇಷ್ಟು ವೈರಿಗಳ ನಡುವಿನಿಂದ ಹೀಗೆ ಪಾರಾದ ಇನ್ನೊಬ್ಬ ಹೆಂಗಸಿನ ಕಥೆಯನ್ನು ತಾನು ಓದಿಲ್ಲವೆಂದು ಒಪ್ಪಿಕೊಳ್ಳುತ್ತಾನೆ. ಹೊಗಳುಭಟನ ಹೊಗಳಿಕೆಗಿಂತ ಈ ಒಲ್ಲದ ಮನಸ್ಸಿನ ಮೆಚ್ಚುಗೆಗೆ ತೂಕ ಹೆಚ್ಚು. ಕಥನ ಕೌಶಲದಲ್ಲಿ ಇವನನ್ನು ಮೀರಿಸಿದವರಿಲ್ಲ.

ಉಳಿದವರು ಒಂದೊಂದು ಎಳೆ ಸೇರಿಸಿದರು. ಹಂಟಿಂಗ್ಡನ್ನಿನ ಹೆನ್ರಿ ಅವಳಿಗೆ ಬಿಳಿ ಬಟ್ಟೆ ಹೊದಿಸಿ ಹಿಮದೊಳಗೆ ಬೆರೆಸಿದ. ಪೀಟರ್‌ಬರೊ ಮಠದ ಸನ್ಯಾಸಿ ಗೋಪುರದಿಂದ ಹಗ್ಗ ಕಟ್ಟಿ ಕೆಳಗಿಳಿಸಿದ. ಮಾಮ್ಸ್‌ಬರಿಯ ವಿಲಿಯಂ ಪ್ರಕಾರ ಅವಳು ಹೊರಟದ್ದು ಸಣ್ಣ ದಿಡ್ಡಿ ಬಾಗಿಲಿನಿಂದ, ಆಬಿಂಗ್ಡನ್ನಿನ ತನಕ ಕಾಲ್ನಡಿಗೆಯಲ್ಲಿ. ಒಬ್ಬಳೇ ಹೆಂಗಸು ಒಂದೇ ರಾತ್ರಿ ದಿಡ್ಡಿಯಿಂದಲೂ ಹಗ್ಗದಿಂದಲೂ ಹೊರಬೀಳುವುದು ಆಗದ ಮಾತು. ಆದರೂ ಆಮೇಲಿನ ಕಥೆಗಾರರು ಹಗ್ಗ, ಹಿಮ, ಬಿಳಿ ಬಟ್ಟೆ ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಕದಡಿದರು. ರುಚಿ ಹೆಚ್ಚಿತು, ಯಾವುದು ಯಾರ ಸಾಕ್ಷ್ಯ ಎಂಬುದು ಕರಗಿಹೋಯಿತು.

ಇವರ ನಡುವೆ ವಿಲಿಯಂ ಬೇರೆ ಕಾರಣಕ್ಕೆ ನಿಲ್ಲುತ್ತಾನೆ. ಅವನ ‘ಹಿಸ್ಟೋರಿಯಾ ನೊವೆಲ್ಲಾ’ ರಾಬರ್ಟನಿಗೇ ಅರ್ಪಿತವಾದ ಕೃತಿ, ಆ ಋಣ ಅಲ್ಲಲ್ಲಿ ಎದ್ದು ಕಾಣುತ್ತದೆ. ಆಕ್ಸ್‌ಫರ್ಡಿನಲ್ಲಿ ತಂಗಿ ಹಸಿದಿರುವಾಗ ಅವನ ಪುಟ ತುಂಬ ರಾಬರ್ಟನ ಸಾಹಸ. ನಾರ್ಮಂಡಿಯಿಂದ ಮರಳಿದ ರಾಬರ್ಟ್, ಸ್ಟೀಫನ್ ಮುತ್ತಿಗೆ ಬಿಟ್ಟು ತನ್ನತ್ತ ತಿರುಗಲೆಂದು ವೇರಮ್ ಕೋಟೆಯ ಮೇಲೆ ಬಿದ್ದ, ಸ್ಟೀಫನ್ ಅಲುಗಲಿಲ್ಲ. ಆದರೆ ಮಟಿಲ್ಡಾ ತಪ್ಪಿಸಿಕೊಂಡ ಬಗೆಗೆ ಬಂದಾಗ, ದಿಡ್ಡಿ, ಕಾಲ್ನಡಿಗೆ ಎಂದಷ್ಟೇ ಹೇಳಿ ವಿಲಿಯಂ ಲೇಖನಿ ಕೆಳಗಿಡುತ್ತಾನೆ. ಸ್ಥಳದಲ್ಲಿದ್ದವರಿಂದ ನಿಜ ತಿಳಿದರೆ ಮುಂದೆ ವಿವರವಾಗಿ ಬರೆಯುವೆ ಎನ್ನುತ್ತಾನೆ. ಗ್ರಂಥ ಅಲ್ಲಿಗೇ ನಿಂತಿದೆ. ಒಡೆಯನ ವಿಷಯದಲ್ಲಿ ಧಾರಾಳಿಯಾದವನು ತಿಳಿಯದ ವಿಷಯದಲ್ಲಿ ಜಿಪುಣನಾಗಿದ್ದಾನೆ. ಈ ಜಿಪುಣತನ ಅವನ ದೊಡ್ಡ ಗುಣ.

ಇಷ್ಟು ಹೇಳಿದ ಮೇಲೂ ಒಂದು ತಕರಾರು ಉಳಿಯುತ್ತದೆ. ಬೆಂಕಿ ಬಿದ್ದ ಆ ಊರು ಏನಾಯಿತು? ಸಾಮ್ರಾಜ್ಞಿಯ ಒಂದು ರಾತ್ರಿಗೆ ನಾಲ್ವರು ಬರಹಗಾರರು ಸಿಕ್ಕರು. ಸೆಪ್ಟೆಂಬರಿನಲ್ಲೇ ಸೂರು ಸುಟ್ಟುಹೋದ ಮನೆಗಳವರು ಅದೇ ಚಳಿಗಾಲವನ್ನು, ಅದೇ ಹಿಮವನ್ನು ಹೇಗೆ ಕಳೆದರೆಂದು ಕೇಳಿದವರಿಲ್ಲ. ‘ಗೆಸ್ಟಾ’ದಲ್ಲಿ ಬೆಂಕಿಯು ರಾಜನ ಗೆಲುವಿನ ಒಂದು ಮೆಟ್ಟಿಲು ಮಾತ್ರ.

ಇಲ್ಲಿ ಪೀಟರ್‌ಬರೊ ಸನ್ಯಾಸಿಯನ್ನು ಮತ್ತೆ ತೆರೆಯಬೇಕು. ಮಿಕ್ಕವರೆಲ್ಲ ಲ್ಯಾಟಿನ್ನಿನಲ್ಲಿ ಬರೆಯುವಾಗ ಇವನು ಬರೆದದ್ದು ಜನರಾಡುವ ಇಂಗ್ಲಿಷಿನಲ್ಲಿ. ಮಟಿಲ್ಡಾಳ ಪಲಾಯನಕ್ಕೆ ಅವನು ಕೊಟ್ಟದ್ದು ಗಡಿಬಿಡಿಯ ಒಂದೆರಡು ಸಾಲು. ಅವನ ಶಾಯಿ ಖರ್ಚಾದದ್ದು 1137ರ ನಮೂದಿನಲ್ಲಿ: ಸರದಾರರು ಬಡವರನ್ನು ಬಿಟ್ಟಿ ದುಡಿಸಿ ಕೋಟೆ ಕಟ್ಟಿದ್ದು, ಹಣಕ್ಕಾಗಿ ಹಿಡಿದುತಂದು ಹಿಂಸಿಸಿದ್ದು, ಉಳುವವರಿಲ್ಲದೆ ಹೊಲ ಪಾಳು ಬಿದ್ದದ್ದು. ಆಕ್ಸ್‌ಫರ್ಡಿನ ಹೆಸರು ಅಲ್ಲಿಲ್ಲ. ಆದರೆ ಆಕ್ಸ್‌ಫರ್ಡಿನಂಥ ಊರುಗಳು ಪಟ್ಟದ ಪಾಡು ಅಲ್ಲಿದೆ.

ದಾಯಾದಿ ಕಲಹ ಮುಗಿದದ್ದು 1153ರ ಒಪ್ಪಂದದಿಂದ. ಮರುವರ್ಷ ಮಟಿಲ್ಡಾಳ ಮಗ ಎರಡನೆಯ ಹೆನ್ರಿ ದೊರೆಯಾದ. ಆಕ್ಸ್‌ಫರ್ಡ್ ಕೋಟೆಯ ಸೇಂಟ್ ಜಾರ್ಜ್ ಗೋಪುರ ಇನ್ನೂ ನಿಂತಿದೆ. ಅಲ್ಲಿಗೆ ಹೋದವರು ಮೊದಲು ಹುಡುಕುವುದು ಆ ಹಗ್ಗ ಇಳಿಬಿದ್ದಿರಬಹುದಾದ ಜಾಗವನ್ನು. ಆ ಹಗ್ಗ ಸುಳ್ಳೇ ಇದ್ದರೂ ಇರಬಹುದು. ರಾಣಿಗೆ ಎಷ್ಟು ಸಾಲು, ರೈತನಿಗೆ ಎಷ್ಟು ಸಾಲು ಎಂಬ ಅಳತೆಯನ್ನು ಮಾತ್ರ ಅದನ್ನು ಇಳಿಬಿಟ್ಟ ಸನ್ಯಾಸಿಯೇ ಸರಿಯಾಗಿ ಹಿಡಿದಿದ್ದ.