ವೇದಿಕೆಯ ಮೇಲಿನ ಉಂಗುರ

2019ರ ಅಕ್ಟೋಬರಿನಲ್ಲಿ ಮೈಸೂರಿನ ಮಹಾರಾಜ ಕಾಲೇಜು ಮೈದಾನದ ಯುವ ದಸರಾ ವೇದಿಕೆಯಲ್ಲಿ ನಡೆದ ಪ್ರಸಂಗ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಗಾಯಕ ಚಂದನ್ ಶೆಟ್ಟಿಯವರು ನಿವೇದಿತಾ ಗೌಡ ಅವರನ್ನು ವೇದಿಕೆಗೆ ಕರೆದು, ಸೇರಿದ್ದ ಜನಸಾಗರದ ಎದುರಿಗೇ ಮದುವೆಯ ಮಾತೆತ್ತಿ ಉಂಗುರ ತೊಡಿಸಿದರು. ಇಬ್ಬರೂ ‘ಬಿಗ್ ಬಾಸ್’ ಕಾರ್ಯಕ್ರಮದಿಂದ ಮನೆಮಾತಾದವರು. ಜನ ಕೇಕೆ ಹಾಕಿದರು, ಮೊಬೈಲುಗಳು ಮೇಲೆದ್ದವು. ಬೀದರಿನಿಂದ ಮೈಸೂರು ಎಂದರೆ ರಾಜ್ಯದ ಆ ತುದಿ. ಆದರೂ ದಸರಾ ರಜೆ ಮುಗಿಸಿ ನಾವು ಶಾಲೆಗೆ ಮರಳುವಷ್ಟರಲ್ಲಿ ಆ ವಿಡಿಯೋ ನಮ್ಮ ಸ್ಟಾಫ್ ರೂಮಿಗೆ ಬಂದು ಕೂತಿತ್ತು.

ಆಮೇಲೆ ಎದ್ದ ಗದ್ದಲವೂ ನಿಮಗೆ ಗೊತ್ತು. ದಸರಾ ನಾಡಹಬ್ಬ, ಅದು ಸರ್ಕಾರದ ವೇದಿಕೆ, ಅಲ್ಲಿ ಸ್ವಂತ ಮದುವೆಯ ಮಾತು ಆಡಬಹುದೇ ಎಂದು ಹಲವರು ಸಿಟ್ಟಾದರು. ಆಗ ಜಿಲ್ಲಾ ಉಸ್ತುವಾರಿ ಸಚಿವರಾಗಿದ್ದ ವಿ. ಸೋಮಣ್ಣನವರೂ ಅಸಮಾಧಾನ ತೋರಿದರು. ದೂರು ಹೋಯಿತು, ಗಾಯಕರು ಕ್ಷಮೆ ಕೇಳಿದರು. ವಾರಗಟ್ಟಲೆ ನಡೆದ ಆ ಚರ್ಚೆಯಲ್ಲಿ ನಾನು ಓದಿದ್ದು, ಕೇಳಿದ್ದು ಎಲ್ಲವೂ ಒಂದೇ ಮಾತು: ವೇದಿಕೆ ಯಾರದು, ಹಣ ಯಾರದು? ಹೆಣ್ಣುಮಗಳೊಬ್ಬಳನ್ನು ಅಷ್ಟು ಜನರ ನಡುವೆ ನಿಲ್ಲಿಸಿ ಜೀವನದ ಅತಿ ದೊಡ್ಡ ಪ್ರಶ್ನೆ ಕೇಳಿದರೆ ಅವಳು ಹ್ಞೂಂ ಅನ್ನದೆ ಬೇರೇನು ಅನ್ನಲು ಸಾಧ್ಯ ಎಂಬ ಮಾತು ನನ್ನ ಕಿವಿಗಂತೂ ಬೀಳಲಿಲ್ಲ. ಚಾಮುಂಡಿಯ ಹಬ್ಬದ ಮರ್ಯಾದೆಯ ಬಗ್ಗೆ ಎಲ್ಲರಿಗೂ ಚಿಂತೆಯಾಯಿತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆ ಇಬ್ಬರ ಖಾಸಗಿ ಬಾಳನ್ನು ಅಳೆಯಲು ನಾನು ಕೂತಿಲ್ಲ. ಅವರು ಒಪ್ಪಿ 2020ರ ಫೆಬ್ರವರಿಯಲ್ಲಿ ಮದುವೆಯಾದರು. 2024ರ ಜೂನಿನಲ್ಲಿ ಪರಸ್ಪರ ಒಪ್ಪಿಗೆಯಿಂದ ಬೇರೆಯಾದರು. ಇದಕ್ಕೂ ಅದಕ್ಕೂ ಗಂಟು ಹಾಕುವ ಕಟ್ಟೆಪುರಾಣ ನನಗೆ ಬೇಡ. ಕಟ್ಟಾ ಸಂಪ್ರದಾಯದಲ್ಲಿ ಜಾತಕ ಕೂಡಿಸಿ ಮಾಡಿದ ಮದುವೆಗಳೂ ಮುರಿಯುತ್ತವೆ. ನಾನು ನೋಡುತ್ತಿರುವುದು ಆ ಐದು ನಿಮಿಷದ ದೃಶ್ಯವನ್ನು, ಒಂದು ನಾಟಕದ ಅಂಕವನ್ನು ನೋಡುವಂತೆ. ಯಾಕೆಂದರೆ ಆ ದೃಶ್ಯ ಈಗ ಮೈಸೂರಿನಲ್ಲಿ ಉಳಿದಿಲ್ಲ. ಬೀದರಿನ ಹೋಟೆಲುಗಳಲ್ಲಿ, ಕೋಟೆಯ ಗೋಡೆಯ ಹತ್ತಿರ, ಕಾಲೇಜಿನ ಬೀಳ್ಕೊಡುಗೆ ಸಮಾರಂಭದಲ್ಲಿ ನಮ್ಮ ಹುಡುಗರು ಅದನ್ನೇ ಮತ್ತೆ ಮತ್ತೆ ಆಡುತ್ತಿದ್ದಾರೆ.

ನಾಟಕವಾಗಿ ನೋಡಿದರೆ ಇದರಲ್ಲಿ ಒಂದೇ ಪಾತ್ರಕ್ಕೆ ಮಾತು ಬರೆದಿದೆ. ಗಂಡು ತಿಂಗಳಗಟ್ಟಲೆ ತಯಾರಿ ಮಾಡಿರುತ್ತಾನೆ. ಉಂಗುರ ಅವನ ಆಯ್ಕೆ, ಜಾಗ ಅವನ ಆಯ್ಕೆ, ಗೆಳೆಯರಿಗೆ ಮೊದಲೇ ಗೊತ್ತು, ಕ್ಯಾಮೆರಾ ಎಲ್ಲಿ ನಿಲ್ಲಬೇಕೆಂಬುದೂ ಗೊತ್ತು. ಏನೂ ಗೊತ್ತಿಲ್ಲದವಳು ಅವಳೊಬ್ಬಳೇ. ಅವಳ ಪಾಲಿಗೆ ಒಂದು ಬೆರಗಿನ ಮುಖ, ಎರಡು ಹನಿ ಕಣ್ಣೀರು, ಒಂದು ‘ಹ್ಞೂಂ’. ಮದುವೆಯ ಬಗ್ಗೆ ಅವಳಿಗೂ ಯೋಚನೆಗಳಿರಬಹುದು, ಕೇಳಬೇಕಾದ ನಾಲ್ಕು ಪ್ರಶ್ನೆಗಳಿರಬಹುದು ಎಂಬುದಕ್ಕೆ ಈ ಅಂಕದಲ್ಲಿ ಜಾಗವೇ ಇಲ್ಲ.

ನಮ್ಮ ಸಿನಿಮಾಗಳೂ ಇದನ್ನೇ ಕಲಿಸಿದವು. 2006ರ ‘ಮುಂಗಾರು ಮಳೆ’ಯನ್ನು ನಾನೂ ಮೆಚ್ಚಿ ನೋಡಿದವಳೇ. ಆ ಮಳೆ, ಆ ಹಾಡು, ಆ ಮೊಲ ಯಾರಿಗೆ ಬೇಡ? ಆದರೆ ಪ್ರೀತಮ್ ನಂದಿನಿಯ ಹಿಂದೆ ಕೊಡಗಿನ ತುಂಬ ಸುತ್ತಿ ಅವಳ ಮನಸ್ಸು ಗೆದ್ದ ಮೇಲೆ, ಕೊನೆಗೆ ಅವಳನ್ನು ಇನ್ನೊಬ್ಬನಿಗೆ ಬಿಟ್ಟುಕೊಡುವ ತೀರ್ಮಾನವೂ ಅವನದೇ. ಪ್ರೀತಿಸುವ ಹಟವೂ ಅವನದು, ತ್ಯಾಗದ ಹಿರಿಮೆಯೂ ಅವನದು. ಚಿತ್ರಮಂದಿರದಲ್ಲಿ ನಾವೆಲ್ಲ ಅವನಿಗಾಗಿ ಅತ್ತೆವು. ನಂದಿನಿಯನ್ನು ಯಾರಾದರೂ ಕೂಡಿಸಿಕೊಂಡು ಕೇಳಿದರೇ ಎಂಬ ಅನುಮಾನ ನನಗೆ ಬಂದದ್ದು ಬಹಳ ವರ್ಷಗಳ ನಂತರ, ಟಿ.ವಿ.ಯಲ್ಲಿ ಮತ್ತೊಮ್ಮೆ ನೋಡುವಾಗ.

ಹಾಗೆಂದು ಹಳೆಯ ಪದ್ಧತಿಯೇ ಚೆಂದ ಎನ್ನುವವಳು ನಾನಲ್ಲ. ಔರಾದಿನಲ್ಲಿ ಕೆಲಸಕ್ಕಿದ್ದಾಗ ಎಷ್ಟು ‘ಕನ್ಯಾ ನೋಡುವ’ ಶಾಸ್ತ್ರಗಳಿಗೆ ಸಾಕ್ಷಿಯಾಗಿದ್ದೇನೋ ಲೆಕ್ಕವಿಲ್ಲ. ಟೀಚರ್ ಬಂದು ಕೂತರೆ ಹುಡುಗಿಯ ಓದಿಗೆ ತೂಕ ಎಂದು ಕರೆಯುತ್ತಿದ್ದರು. ಗಡಿಯ ಊರು, ಅರ್ಧ ಮಾತು ಮರಾಠಿ. ಬಂದವರು ಚಹಾ, ಪೋಹೆ ಮುಗಿಸಿ ಹುಡುಗಿಯನ್ನು ಮೇಲಿಂದ ಕೆಳಗೆ ನೋಡಿ, ಹೆಸರು ಕೇಳಿ, ಅಡುಗೆ ಬರುತ್ತದೆಯೇ ಕೇಳಿ ಎದ್ದು ಹೋಗುತ್ತಿದ್ದರು. ಎರಡು ದಿನದ ಮೇಲೆ ‘ಪಸಂದ್ ಆಗ್ಯಾಳ’ ಎಂದು ಹೇಳಿ ಕಳಿಸಿದರೆ ಮನೆಯಲ್ಲಿ ಹಬ್ಬ. ಮುಂದೆ ಸಾಖರಪುಡಾದ ತಾರೀಖು. ಅವನು ಅವಳಿಗೆ ಪಸಂದೋ ಅಲ್ಲವೋ ಎಂದು ಕೇಳಿದವರನ್ನು ನಾನು ಬೆರಳೆಣಿಕೆಯಷ್ಟು ಕಂಡಿದ್ದೇನೆ. ಅದಕ್ಕೆ ಹೋಲಿಸಿದರೆ ವೇದಿಕೆಯ ಹುಡುಗ ಕಡೇಪಕ್ಷ ಪ್ರಶ್ನೆಯನ್ನು ಅವಳಿಗೇ ಕೇಳಿದ, ಅವಳ ಅಪ್ಪನಿಗಲ್ಲ. ಇದು ಸಣ್ಣ ಬದಲಾವಣೆಯೇನಲ್ಲ. ಪ್ರಶ್ನೆ ಸರಿಯಾದ ವಿಳಾಸಕ್ಕೇ ಬಂದಿದೆ. ಉತ್ತರ ಬರೆಯುವ ಮೊದಲೇ ಲಕೋಟೆ ಅಂಟಿಸಿದ್ದಾರೆ, ಅಷ್ಟೆ.

ಬೀದರಿನ ಹಳೇ ಊರಿನಲ್ಲಿ ನಮ್ಮ ನೆರೆಯ ಮುಸ್ಲಿಂ ಮನೆಗಳ ನಿಕಾಹ್‌ಗೆ ಹೋದಾಗ ನನ್ನನ್ನು ಯೋಚನೆಗೆ ಹಚ್ಚಿದ ಒಂದು ಪದ್ಧತಿಯಿದೆ. ಹೊರಗೆ ಶಾಮಿಯಾನದಲ್ಲಿ ಗಂಡಸರ ಜಾತ್ರೆ ನೆರೆದಿರುತ್ತದೆ. ಒಳಗೆ ಹೆಂಗಸರ ಕೋಣೆಗೆ ವಕೀಲನಾದವನು ಇಬ್ಬರು ಸಾಕ್ಷಿಗಳೊಡನೆ ಬಂದು, ಇಂಥವರ ಮಗನೊಡನೆ ಇಷ್ಟು ಮಹರ್‌ಗೆ ಮದುವೆ ಕಬೂಲೇ ಎಂದು ಹುಡುಗಿಯನ್ನು ಕೇಳುತ್ತಾನೆ. ಆ ಹೊತ್ತಿಗೆ ಎಲ್ಲ ತೀರ್ಮಾನವಾಗಿರುತ್ತದೆ, ಬಿರಿಯಾನಿ ದಮ್ಮಿಗೆ ಬಿದ್ದಿರುತ್ತದೆ, ಒಲ್ಲೆ ಎನ್ನುವ ಧೈರ್ಯ ಯಾವ ಹುಡುಗಿಗೆ ಇದ್ದೀತು, ಅದೂ ನಿಜ. ಆದರೆ ಆ ಪದ್ಧತಿಯನ್ನು ಕಟ್ಟಿದವರಿಗೆ ಒಂದು ವಿಷಯ ಹೊಳೆದಿತ್ತು: ಅವಳನ್ನು ಕೇಳಬೇಕಾದದ್ದು ಜಾತ್ರೆಯ ನಡುವೆ ಅಲ್ಲ, ಅವಳ ಜಾಗದಲ್ಲಿ. ಮಹರ್ ಎಷ್ಟು ಎಂಬ ಕರಾರೂ ಆ ಪ್ರಶ್ನೆಯ ಒಳಗೇ ಇರುತ್ತದೆ.

ಕರಾರು ಎಂದೊಡನೆ ನನಗೆ ಶಕುಂತಲೆ ನೆನಪಾಗುತ್ತಾಳೆ. ಉಂಗುರದ ಕತೆ ಎಂದರೆ ನಮಗೆ ಮೊದಲು ಅವಳದೇ ಅಲ್ಲವೇ? ಬಿ.ಎ.ಯಲ್ಲಿ ಬಸವಪ್ಪ ಶಾಸ್ತ್ರಿಗಳ ಕನ್ನಡ ಶಾಕುಂತಲದ ಬಗ್ಗೆ ಪಾಠ ಕೇಳುವಾಗ ನಾವು ಹುಡುಗಿಯರೆಲ್ಲ ಆ ಉಂಗುರಕ್ಕೆ ಮರುಳಾಗಿದ್ದೆವು. ಅದರ ಮೇಲಿನ ನನ್ನ ಹೆಸರಿನ ಅಕ್ಷರಗಳನ್ನು ದಿನಕ್ಕೊಂದರಂತೆ ಎಣಿಸು, ಮುಗಿಯುವಷ್ಟರಲ್ಲಿ ನಿನ್ನನ್ನು ಕರೆಸಿಕೊಳ್ಳುತ್ತೇನೆ ಎಂದು ದುಷ್ಯಂತ ಹೇಳಿ ಹೋಗುತ್ತಾನೆ. ಎಷ್ಟು ಸೊಗಸು! ಅಕ್ಷರ ಮುಗಿದವು, ಕರೆ ಬರಲಿಲ್ಲ. ಉಂಗುರ ನೀರಿಗೆ ಬಿದ್ದು, ಮೀನಿನ ಹೊಟ್ಟೆ ಸೇರಿದ ಮೇಲೆ ಅವಳ ಮಾತಿಗೆ ಆಸ್ಥಾನದಲ್ಲಿ ಬೆಲೆಯೇ ಇಲ್ಲದಾಯಿತು.

ಮೂಲ ಮಹಾಭಾರತದ ಆದಿಪರ್ವದಲ್ಲಿ ಈ ಉಂಗುರವೂ ಇಲ್ಲ, ದೂರ್ವಾಸರ ಶಾಪವೂ ಇಲ್ಲ. ಅಲ್ಲಿ ರಾಜ ಇದ್ದಕ್ಕಿದ್ದಂತೆ ಮದುವೆಯಾಗು ಎಂದಾಗ ಶಕುಂತಲೆ ಮೊದಲು, ತಂದೆ ಬರಲಿ, ತಾಳು ಎನ್ನುತ್ತಾಳೆ. ಅವನು ಗಾಂಧರ್ವ ವಿವಾಹದ ಧರ್ಮಶಾಸ್ತ್ರ ಹೇಳಿ ಅವಸರ ಮಾಡುತ್ತಾನೆ. ಆಗ ಅವಳು ಕರಾರು ಮುಂದಿಡುತ್ತಾಳೆ: ನನಗೆ ಹುಟ್ಟುವ ಮಗನೇ ಯುವರಾಜನಾಗಬೇಕು. ಅದಕ್ಕೆ ಮಾತು ಕೊಟ್ಟ ಮೇಲೆಯೇ ಅವಳ ಒಪ್ಪಿಗೆ. ಮುಂದೆ ಅವನು ತುಂಬಿದ ಸಭೆಯಲ್ಲಿ ನೀನಾರೋ ಅರಿಯೆ ಎಂದಾಗ ಅವಳು ಮೂರ್ಛೆ ಹೋಗುವುದಿಲ್ಲ, ನಿಂತು ವಾದಿಸುತ್ತಾಳೆ. ಕಾಳಿದಾಸನ ಕೈಯಲ್ಲಿ ಆ ಕರಾರು ಕರಗಿ ಒಂದು ಒಡವೆಯಾಯಿತು. ಕಾವ್ಯಕ್ಕೆ ಲಾಭವಾಯಿತು, ಒಪ್ಪುತ್ತೇನೆ. ಶಕುಂತಲೆಗೆ ಆದ ನಷ್ಟವನ್ನು ಯಾವ ಪಂಡಿತರೂ ನಮಗೆ ಪಾಠದಲ್ಲಿ ಹೇಳಲಿಲ್ಲ.

ಇನ್ನೊಂದು ಪ್ರಸ್ತಾಪ ನಮ್ಮ ಕನ್ನಡದ್ದೇ, ಅದೂ ಜನರ ನಡುವಿನದು. ಹರಿಹರನ ಮಹಾದೇವಿಯಕ್ಕನ ರಗಳೆಯಲ್ಲಿ ಉಡುತಡಿಯ ಬೀದಿಯಲ್ಲಿ ಕೌಶಿಕರಾಜನ ಮೆರವಣಿಗೆ ಹೊರಟಿದೆ. ಆನೆಯ ಮೇಲಿದ್ದ ರಾಜನ ಕಣ್ಣಿಗೆ ಮಹಾದೇವಿ ಬೀಳುತ್ತಾಳೆ. ಮುಂದಿನದು ಗೊತ್ತೇ ಇದೆ: ಹೇಳಿಕೆ ಬರುತ್ತದೆ, ಅಧಿಕಾರದ ಬೆದರಿಕೆಯೂ ಬರುತ್ತದೆ, ತಂದೆತಾಯಿ ನಡುಗುತ್ತಾರೆ. ಮೈಸೂರಿನ ಮೈದಾನದಲ್ಲಿ ಸೇರಿದ್ದ ಜನಕ್ಕಿಂತ ಇದೇನು ಕಡಿಮೆ ಒತ್ತಡವೇ? ಆ ಹುಡುಗಿಯೂ ಕರಾರು ಹಾಕುತ್ತಾಳೆ. ನನ್ನ ಪೂಜೆ, ನನ್ನ ಗುರು, ನನ್ನ ಜಂಗಮಸೇವೆ ನನ್ನ ಇಷ್ಟದಂತೆ ನಡೆಯಬೇಕು. ಮೂರು ತಪ್ಪಿನವರೆಗೆ ತಾಳುತ್ತೇನೆ, ಆಮೇಲೆ ಇರುವುದಿಲ್ಲ. ಮೂರು ತಪ್ಪಾದ ಮೇಲೆ ಹೇಳಿದಂತೆಯೇ ಹೊರಟಳು. ಮದುವೆ ನಡೆಯಿತೋ ಇಲ್ಲವೋ ಎಂಬ ಬಗ್ಗೆ ವಿದ್ವಾಂಸರು ಬಹಳ ಜಗಳಾಡಿದ್ದಾರೆ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಮದುವೆಯೇ ಇಲ್ಲ. ನನಗೆ ಆ ಜಗಳಕ್ಕಿಂತ ಆ ಕರಾರುಗಳೇ ಮುಖ್ಯ. ಅವಳು ನಡೆದು ಬಂದು ಸೇರಿದ ಕಲ್ಯಾಣ ನಮ್ಮ ಜಿಲ್ಲೆಯ ಬಸವಕಲ್ಯಾಣ. ಪ್ರತಿ ವರ್ಷ ನಮ್ಮ ಶಾಲೆಗಳಲ್ಲಿ ಅಕ್ಕನ ವೇಷ ಹಾಕಿಸಿ ಕೂದಲು ಇಳಿಬಿಡಿಸುತ್ತೇವೆ. ಆ ಹುಡುಗಿಯರಿಗೆ ಕರಾರಿನ ಭಾಗವನ್ನು ಹೇಳಿಕೊಡುವವರು ಎಷ್ಟು ಮಂದಿ?

ಭಾಲ್ಕಿಯಲ್ಲಿ ನನ್ನ ಕೈಯಲ್ಲಿ ಓದಿದ ಹುಡುಗಿಯೊಬ್ಬಳು ಈಗ ಬೀದರಿನಲ್ಲಿ ನೌಕರಿಯಲ್ಲಿದ್ದಾಳೆ. ಅವಳ ಹುಟ್ಟುಹಬ್ಬಕ್ಕೆ ಗೆಳೆಯರೆಲ್ಲ ಹೋಟೆಲಿಗೆ ಕರೆದೊಯ್ದರು. ಕೇಕು ಕತ್ತರಿಸಿದೊಡನೆ ದೀಪ ಆರಿತು, ಹಾಡು ಬಂತು, ಜೊತೆಯಲ್ಲಿ ಕೆಲಸ ಮಾಡುವ ಹುಡುಗ ಮಂಡಿಯೂರಿ ಉಂಗುರ ಹಿಡಿದ. ಮರುವಾರ ನಮ್ಮ ಮನೆಗೆ ಬಂದವಳು ಬೆರಳು ತಿರುವುತ್ತ ಕೂತಳು.

“ಹುಡುಗ ಚಲೋ ಇದ್ದಾನ್ರೀ ಮೇಡಂ. ನನಗೂ ಮನಸ್ಸದ. ಆದ್ರ ಎಲ್ಲಾರೂ ಚಪ್ಪಾಳಿ ಹೊಡಿಲತ್ತಿದ್ರು, ಮೊಬೈಲ್ ಹಿಡದಿದ್ರು. ಅಲ್ಲಿ ನಿಂತು ನಾ ಏನ್ ಕೇಳ್ಲಿ?”

“ಏನು ಕೇಳಬೇಕಂತಿದ್ದಿ?” ಎಂದೆ.

ಕೇಳಬೇಕಾದದ್ದು ಎರಡೇ ಇತ್ತು. ಎಂ.ಎಸ್ಸಿ. ಮುಗಿಯುವವರೆಗೆ ಕಾಯುತ್ತಾನೆಯೇ? ತಮ್ಮನ ಓದು ಮುಗಿಯುವ ತನಕ ಅವಳ ಸಂಬಳದ ಅರ್ಧ ಭಾಲ್ಕಿಯ ಮನೆಗೆ ಹೋಗಬೇಕು. ಅದಕ್ಕೆ ಅವನ ಮನೆಯವರು ಒಪ್ಪುತ್ತಾರೆಯೇ? ಮೇಣದಬತ್ತಿಯ ಬೆಳಕಿನಲ್ಲಿ ಸಂಬಳದ ಮಾತು ಆಡಿದರೆ ಎಂಥ ಹುಡುಗಿ ಎಂದಾರು ಎಂದು ಅವಳಿಗೆ ನಾಚಿಕೆ. ನಾನು ಅವಳಿಗೆ ಶಕುಂತಲೆಯ ಹಳೆಯ ಕತೆ ಹೇಳಿದೆ, ಬೇರೇನೂ ಹೇಳಲಿಲ್ಲ. ಉಂಗುರ ಬಿಚ್ಚಿ ಪರ್ಸಿಗೆ ಹಾಕಿಕೊಂಡು ಹೋದಳು.

ಆ ಭಾನುವಾರ ಅವನನ್ನು ಒಬ್ಬನನ್ನೇ ಕರೆದು ಚಹಾ ಕುಡಿಯುತ್ತ ಎರಡೂ ಕೇಳಿದಳಂತೆ. ಅವನು ಮೊದಲನೆಯದಕ್ಕೆ ಕೂಡಲೇ ಒಪ್ಪಿದ. ಎರಡನೆಯದಕ್ಕೆ, ಮನೆಯಲ್ಲಿ ಅವ್ವನ ಜೊತೆ ಮಾತಾಡಿ ಹೇಳುತ್ತೇನೆ, ಎಂಟು ದಿನ ಕೊಡು ಎಂದ. ಕೊಟ್ಟಿದ್ದಾಳೆ. ಇವತ್ತಿಗೆ ಐದು ದಿನವಾಯಿತು.