ಸವಾರನಿಲ್ಲದ ಕುದುರೆ

ಬ್ಯಾಡರಹಳ್ಳಿಯ ನಮ್ಮ ಮನೆಯ ಗೋಡೆಯ ಮೇಲೆ ಎಂ.ಎಫ್. ಹುಸೇನರ ಕುದುರೆಗಳ ಹಳೆಯ ಕ್ಯಾಲೆಂಡರ್ ಚಿತ್ರವೊಂದಿದೆ. ನೆರೆಮನೆಯ ಚಾಚಾ ಒಂದು ಕಾಲಕ್ಕೆ ರೇಸ್ ಕುದುರೆಗಳನ್ನು ಮುಂಜಾನೆಯ ತಾಲೀಮಿಗೆ ಓಡಿಸುತ್ತಿದ್ದವರು. ಬಿದ್ದು ಭುಜ ಮುರಿದ ಮೇಲೆ ಆ ಕೆಲಸ ಬಿಟ್ಟರು. ಬಲಗೈ ಈಗಲೂ ಪೂರ್ತಿ ಮೇಲೇಳುವುದಿಲ್ಲ. ಚಿತ್ರವನ್ನು ಬಹಳ ಹೊತ್ತು ನೋಡಿ ಅವರು ದಖನಿಯಲ್ಲಿ ಕೇಳಿದ್ದು ಇಷ್ಟೇ: ‘ಕುದುರೆ ಚೆನ್ನಾಗಿದೆ ಬೇಟಾ, ಸವಾರ ಎಲ್ಲಿ?’

ಹುಸೇನರ ಕುದುರೆಗಳೆಂದರೆ ಶಕ್ತಿ, ವೇಗ, ಸ್ವಾತಂತ್ರ್ಯ ಎಂದು ನಾವೆಲ್ಲ ಓದಿಕೊಂಡು ಬಂದಿದ್ದೇವೆ. ಸೆಟೆದ ಕತ್ತು, ಅರಳಿದ ಹೊಳ್ಳೆ, ಕಡಿವಾಣವಿಲ್ಲದ ಬಾಯಿ. ಚಾಚಾ ಕಂಡ ಕುದುರೆ ಬೇರೆ. ನಾನೂರೈವತ್ತು ಕಿಲೋ ಮೈಭಾರ, ಗಂಟೆಗೆ 60 ಕಿಲೋಮೀಟರ್ ಓಟ, ಮೊಣಕಾಲ ಕೆಳಗೆ ಬರೀ ಎಲುಬು ಮತ್ತು ನರ. ಮುಂದಿನ ಕುದುರೆಯ ಹಿಂಗಾಲಿಗೆ ಗೊರಸು ತಾಗಿದರೆ ಸಾಕು, ಸವಾರ ನೆಲದ ಮೇಲೆ. ಹಿಂದಿನಿಂದ ಬರುವವುಗಳಿಗೆ ನಿಲ್ಲಲು ವೇಳೆಯಿಲ್ಲ. ಕಾಲು ಮುರಿದ ಕುದುರೆ ಮಲಗಿಕೊಂಡು ಗುಣವಾಗುವ ಪ್ರಾಣಿಯಲ್ಲ. ಭಾರ ಹೊತ್ತ ಉಳಿದ ಗೊರಸುಗಳೂ ಕೆಡುತ್ತವೆ. 2006ರಲ್ಲಿ ಅಮೆರಿಕದ ಡರ್ಬಿ ಗೆದ್ದ ಬಾರ್ಬರೋ, ಎರಡೇ ವಾರದಲ್ಲಿ ಇನ್ನೊಂದು ರೇಸಿನಲ್ಲಿ ಹಿಂಗಾಲು ಮುರಿದುಕೊಂಡಿತು. ತಿಂಗಳುಗಟ್ಟಲೆ ಚಿಕಿತ್ಸೆ ನಡೆದರೂ 2007ರ ಜನವರಿಯಲ್ಲಿ ಅದಕ್ಕೆ ದಯಾಮರಣ ಕೊಡಬೇಕಾಯಿತು.

ಬಿದ್ದವನನ್ನು ನೋಡಿದ ಚಿತ್ರಕಾರನೊಬ್ಬ ಇದ್ದ. ಫ್ರಾನ್ಸಿನ ಡೆಗಾ 1866ರಲ್ಲಿ ಪ್ರದರ್ಶಿಸಿದ ‘ಬಿದ್ದ ಜಾಕಿ’ಯನ್ನು ಮುಂದೆ ದಶಕಗಳ ಕಾಲ ತಿದ್ದುತ್ತಲೇ ಹೋದ. ಕುದುರೆಗಳು ಧಾವಿಸುತ್ತಿವೆ, ಸವಾರ ನೆಲದಲ್ಲಿ ಅಂಗಾತ ಬಿದ್ದಿದ್ದಾನೆ. ಅಲ್ಲಿ ವೇಗವೂ ಇದೆ, ಅದರ ಬೆಲೆಯೂ ಇದೆ.

ಹಾಗಾದರೆ ಹುಸೇನರಿಗೆ ಸವಾರ ಕಾಣಲಿಲ್ಲವೇ? ಈ ಪ್ರಶ್ನೆಗೆ ಉತ್ತರ ಮೊಹರಂನಲ್ಲಿದೆ ಎಂದು ನಮಗೆ ತೋರುತ್ತದೆ. ಬಾಲ್ಯದಲ್ಲಿ ಕಂಡ ಮೊಹರಂ ಮೆರವಣಿಗೆಯ ಕುದುರೆ ಅವರ ಕುಂಚದಲ್ಲಿ ಉಳಿದದ್ದು ಎಲ್ಲರೂ ಬಲ್ಲ ಸಂಗತಿ. ಅದು ಜುಲ್‌ಜನಾಹ್, ನಮ್ಮ ಜನರ ಬಾಯಲ್ಲಿ ದುಲ್‌ದುಲ್. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಇಮಾಮ್ ಹುಸೇನರು ಉರುಳಿದ ಮೇಲೆ, ಬರಿದಾದ ಜೀನು ಹೊತ್ತು ಡೇರೆಗೆ ಮರಳಿತೆಂದು ಪರಂಪರೆ ಹೇಳುವ ಕುದುರೆ. ಅಲ್ಲಿ ಸವಾರನಿಲ್ಲದಿರುವುದೇ ಶೋಕ.

ಆ ಶೋಕ ಕ್ಯಾನ್ವಾಸಿಗೆ ಬರುವಾಗ ಬರೀ ಕಸುವಾಗಿ ಬದಲಾಯಿತೇ ಎಂಬುದು ನಮ್ಮ ತಕರಾರು. ಜೀನು ಹೋಯಿತು, ಜೊತೆಗೆ ಬಿದ್ದವನ ಗುರುತೂ ಹೋಯಿತು. ಉಳಿದ ಕಸುವನ್ನು ಶ್ರೀಮಂತರ ಗೋಡೆಗಳು ಕೊಂಡವು.

ರೇಸಿನ ಲೋಕವೂ ಇದನ್ನೇ ಮಾಡುತ್ತದೆ. ಕುದುರೆ ಜೂಜು ಅದೃಷ್ಟವಲ್ಲ, ಪ್ರಧಾನವಾಗಿ ಕೌಶಲ ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ರೇಸ್ ಪುಸ್ತಕದಲ್ಲಿ ಕುದುರೆ, ಮಾಲೀಕ, ತರಬೇತುದಾರ, ಜಾಕಿಯ ಹೆಸರುಗಳನ್ನು ಹುಡುಕುವವರು ಮುಂಜಾನೆಯ ಸವಾರನನ್ನೂ ಲಾಯದ ಸೈಸನನ್ನೂ ಕೇಳುವುದಿಲ್ಲ.

ಕರ್ಬಲಾದ ಮಾತನ್ನು ಚಾಚಾರಿಗೆ ಹೇಳಿದೆವು. ಅವರು ಎಡಗೈಯಿಂದ ಬಲಭುಜ ನೀವಿಕೊಳ್ಳುತ್ತಾ, ‘ಜೀನಾದರೂ ಬರೆಯಬಹುದಿತ್ತು’ ಎಂದರು.