ಮಿತಾಕ್ಷರೆಯ ಸ್ತ್ರೀಧನ ಪ್ರಕರಣ: ಒಂದು ಪದದ ವಿಚಾರ

ಮಿತಾಕ್ಷರೆಯು ಕನ್ನಡ ನಾಡಿನಲ್ಲಿ ಹುಟ್ಟಿದ ಗ್ರಂಥವೆಂದು ನಾವು ಅಭಿಮಾನಪಡುವುದುಂಟು. ಅದನ್ನು ತೆರೆದು ಓದುವವರು ಮಾತ್ರ ವಿರಳ. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನು (1076–1126) ಆಳುತ್ತಿದ್ದಾಗ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಈ ಟೀಕೆಯನ್ನು ರಚಿಸಿದನು. ಬೆಳ್ವೊಲ ಮುನ್ನೂರರ ಮುಖ್ಯ ಪಟ್ಟಣವಾದ ಅಣ್ಣಿಗೇರಿಯು ಅದೇ ಅರಸನ ಆಳ್ವಿಕೆಗೆ ಒಳಪಟ್ಟಿದ್ದಿತು. ಅಣ್ಣಿಗೇರಿ ನವಲಗುಂದಗಳ ಎರೆನೆಲದಲ್ಲಿ ಗಂಡುಮಕ್ಕಳಿಲ್ಲದ ಒಕ್ಕಲಿಗನ ಹೊಲವು ಯಾರಿಗೆ ಸೇರತಕ್ಕದ್ದೆಂಬ ವ್ಯಾಜ್ಯ ಹುಟ್ಟಿದರೆ, ಎಂಟು ಶತಮಾನಗಳು ಕಳೆದ ಮೇಲೂ ಆಂಗ್ಲ ನ್ಯಾಯಾಧೀಶರು ಈ ಟೀಕೆಯನ್ನೇ ಪ್ರಮಾಣವೆಂದು ಹಿಡಿಯಬೇಕಾಯಿತು. ಆದುದರಿಂದ ಇದರಲ್ಲಿಯ ಒಂದು ಪದದ ಅರ್ಥವು ಒಂದು ಮನೆತನದ ಅನ್ನದ ಪ್ರಶ್ನೆಯೂ ಆಗಿದ್ದಿತು.

ಆ ಪದವು ‘ಆದ್ಯ’. ತಂದೆ, ತಾಯಿ, ಗಂಡ, ಅಣ್ಣತಮ್ಮಂದಿರು ಕೊಟ್ಟದ್ದು, ವಿವಾಹಾಗ್ನಿಯ ಸನ್ನಿಧಿಯಲ್ಲಿ ದೊರೆತದ್ದು, ಗಂಡನು ಮತ್ತೊಬ್ಬಳನ್ನು ಮದುವೆಯಾಗುವಾಗ ಮೊದಲ ಹೆಂಡತಿಗೆ ಕೊಟ್ಟದ್ದು, ಇವುಗಳನ್ನು ಯಾಜ್ಞವಲ್ಕ್ಯನು ಸ್ತ್ರೀಧನವೆಂದು ಎಣಿಸುತ್ತಾನೆ. ವಿಜ್ಞಾನೇಶ್ವರನ ಪಾಠದಲ್ಲಿ ಈ ಎಣಿಕೆಯ ಕೊನೆಗೆ ‘ಮುಂತಾದುದು’ ಎಂಬರ್ಥದ ‘ಆದ್ಯ’ವಿದೆ, ಬಂಗಾಳದ ಜೀಮೂತವಾಹನನ ಪಾಠದಲ್ಲಿ ಆ ಸ್ಥಳದಲ್ಲಿ ಕೇವಲ ‘ಚೈವ’ವಿದೆ. ಎರಡಕ್ಷರದ ವ್ಯತ್ಯಾಸವಷ್ಟೆ! ಆದರೆ ವಿಜ್ಞಾನೇಶ್ವರನು ಆ ಕಿರಿದಾದ ಬಾಗಿಲಿನಿಂದ ರಿಕ್ಥ, ಕ್ರಯ, ಸಂವಿಭಾಗ, ಪರಿಗ್ರಹ, ಅಧಿಗಮ ಎಂಬ ಐದನ್ನೂ ಒಳಗೆ ಕರೆತರುತ್ತಾನೆ. ಇವು ಗೌತಮನು ಸ್ವತ್ವಕ್ಕೆ ಹೇಳಿದ ಸಾಮಾನ್ಯ ಕಾರಣಗಳು. ಪುರುಷನಿಗೆ ಯಾವ ಯಾವ ಮಾರ್ಗದಿಂದ ಒಡೆತನ ಬರುವುದೋ ಆ ಮಾರ್ಗಗಳೇ ಸ್ತ್ರೀಗೂ ತೆರೆದಿವೆಯೆಂಬುದು ಇದರ ತಾತ್ಪರ್ಯ. ಸ್ತ್ರೀಧನ ಶಬ್ದವು ಯೌಗಿಕವೇ ಹೊರತು ಪಾರಿಭಾಷಿಕವಲ್ಲ, ಸಹಜಾರ್ಥವು ಕೂಡಿಬರುವಲ್ಲಿ ಪರಿಭಾಷೆಯನ್ನು ಕಲ್ಪಿಸುವುದು ಯುಕ್ತವಲ್ಲ ಎಂದು ಅವನು ಸ್ಪಷ್ಟಪಡಿಸುತ್ತಾನೆ. ಮನುವು ಆರೇ ಬಗೆ ಹೇಳಿದನಲ್ಲವೇ ಎಂಬ ಆಕ್ಷೇಪಕ್ಕೂ ಉತ್ತರ ಸಿದ್ಧವಾಗಿದೆ: ಆ ಸಂಖ್ಯೆಯು ಅದಕ್ಕಿಂತ ಕಡಿಮೆಯಾಗಬಾರದೆಂಬುದಕ್ಕೆ, ಹೆಚ್ಚಾಗಬಾರದೆಂಬುದಕ್ಕಲ್ಲ. ಮೀಮಾಂಸೆಯ ನ್ಯಾಯವನ್ನು ಇಷ್ಟು ಮಿತವಾದ ಮಾತಿನಲ್ಲಿ ನಡೆಯಿಸಿದ ಗದ್ಯವು ಅಪರೂಪ. ಗ್ರಂಥದ ಹೆಸರು ಇಲ್ಲಿ ಸಾರ್ಥಕವಾಗಿದೆ.

ಕೋಲ್‌ಬ್ರೂಕನು 1810ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದವು ದಾಯವಿಭಾಗಕ್ಕೆ ಮಾತ್ರ ಸೀಮಿತವಾದುದು. ಅದರಲ್ಲಿಯ ಅಧ್ಯಾಯ, ಖಂಡಗಳ ವಿಂಗಡಣೆಯೂ ಅವನದೇ. ಶ್ಲೋಕದ ಬೆನ್ನುಹಿಡಿದು ಆಕ್ಷೇಪ ಸಮಾಧಾನಗಳಿಂದ ನಡೆಯುವ ವಾದವು ಹೀಗೆ ಕಾಯಿದೆಯ ಕಲಮುಗಳಂತೆ ಕಾಣತೊಡಗಿತು. 1867ರಲ್ಲಿ ಪ್ರೀವಿ ಕೌನ್ಸಿಲು, ಗಂಡನಿಂದ ವಿಧವೆಗೆ ಬಂದ ಆಸ್ತಿಯು ಸ್ತ್ರೀಧನವಲ್ಲ, ಅದರಲ್ಲಿ ಅವಳಿಗೆ ಪರಿಮಿತವಾದ ಹಕ್ಕು ಮಾತ್ರವೆಂದು ನಿರ್ಣಯಿಸಿತು. ಮದರಾಸಿನಲ್ಲಿ ಮಗಳಿಗೂ ಇದೇ ಗತಿಯಾಯಿತು. ಮುಂಬಯಿ ಪ್ರಾಂತದಲ್ಲಿ ಮಾತ್ರ, ತಂದೆಯಿಂದ ಮಗಳಿಗೆ ಬಂದ ಆಸ್ತಿಯು ಪೂರ್ಣವಾಗಿ ಅವಳದೆಂಬ ಪಕ್ಷವು ಉಳಿದುಕೊಂಡಿತು.

ಪರಿಣಾಮವು ವಿಚಿತ್ರವಾದುದು. ನವಲಗುಂದದ ಮಗಳು ತಂದೆಯಿಂದ ಬಂದ ಹೊಲವನ್ನು ಮಾರಬಹುದಾಗಿದ್ದಿತು. ತುಂಗಭದ್ರೆಯ ಆಚೆಯ ಹೂವಿನಹಡಗಲಿಯ ಮಗಳು ಅಂಥದೇ ಹೊಲವನ್ನು ಕಾನೂನುಸಮ್ಮತವಾದ ಅಗತ್ಯವಿಲ್ಲದೆ ಮಾರುವಂತಿರಲಿಲ್ಲ. ಇಬ್ಬರ ಭಾಷೆಯೂ ಒಂದೇ, ಪ್ರಮಾಣಗ್ರಂಥವೂ ಒಂದೇ. ಹರಿಹರದಲ್ಲಿ ಮೈಸೂರಿನ 1933ರ ಕಾಯಿದೆಯಿಂದ ವ್ಯವಸ್ಥೆಯೇ ಬೇರೆಯಾಯಿತು. (ಕುಂದಗೋಳವು 1948ರವರೆಗೂ ಜಮಖಂಡಿ ಸಂಸ್ಥಾನದ ಅಂಗವಾಗಿದ್ದಿತು, ಅದರ ಮಾತು ಇಲ್ಲಿ ಬೇಡ.)

ಹಾಗೆಂದು ದೋಷವನ್ನೆಲ್ಲ ಆಂಗ್ಲರ ತಲೆಗೆ ಕಟ್ಟುವುದು ವಿಮರ್ಶೆಯಾಗಲಾರದು. ಸ್ವತ್ವವು ಲೌಕಿಕವೆಂದೂ ಶಾಸ್ತ್ರವನ್ನರಿಯದ ಗಡಿನಾಡಿಗರಲ್ಲಿಯೂ ಕ್ರಯವಿಕ್ರಯಗಳು ಕಾಣುತ್ತವೆಂದೂ ಸಾಧಿಸಿದ ವಿಜ್ಞಾನೇಶ್ವರನು, ಸ್ತ್ರೀಗೆ ಸ್ವತ್ವವುಂಟೆಂದ ಮೇಲೆ ವಿಕ್ರಯದ ಸ್ವಾತಂತ್ರ್ಯವೂ ಉಂಟೇ ಎಂಬುದನ್ನು ಈ ಪ್ರಕರಣದಲ್ಲಿ ಬಿಡಿಸಿ ಹೇಳಲಿಲ್ಲ. ವಿಧವೆಗೆ ದಾಯವನ್ನು ಕೊಡುವಲ್ಲಿಯೂ ಗಂಡನು ವಿಭಕ್ತನಾಗಿ, ಮರಳಿ ಕೂಡದೆ ಸತ್ತಿರಬೇಕು, ಅವಳು ಸಾಧ್ವಿಯಾಗಿರಬೇಕು ಎಂಬ ಕಟ್ಟುಗಳಿವೆ. ಪ್ರೀವಿ ಕೌನ್ಸಿಲಿನವರ ಸಂಕೋಚಕ್ಕೆ ಈ ಮೌನವೂ ಆಸರೆಯಾಯಿತೆಂದು ನಮಗೆ ತೋರುತ್ತದೆ.

1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಕಲಮು ಸ್ತ್ರೀಯನ್ನು ಪೂರ್ಣಸ್ವಾಮಿನಿಯೆಂದು ಸಾರಿತು. ಅದರ ವಿವರಣೆಯು ದಾಯ, ವಿಭಾಗ, ದಾನ, ಕ್ರಯ ಮೊದಲಾದವನ್ನು ಎಣಿಸಿ, ಕೊನೆಗೆ ಬೇರಾವ ರೀತಿಯಿಂದ ಬಂದುದನ್ನೂ ಸೇರಿಸುತ್ತದೆ. ಕರಡು ಸಿದ್ಧಪಡಿಸಿದವರ ಮನಸ್ಸಿನಲ್ಲಿ ಏನಿದ್ದರೂ, ಆ ಕೊನೆಯ ಮಾತು ಮಾಡುವ ಕೆಲಸವು ‘ಆದ್ಯ’ದ ಕೆಲಸವೇ.